ಚೀಟಿಯಲ್ಲಿ ‘ಬಿದ್ದು ಪೆಟ್ಟು’ ಅಂತ ಬರೆಯುವುದನ್ನು ನಿಲ್ಲಿಸಿ: ಆರೋಗ್ಯ ಸಚಿವರಿಗೆ ಹಾಡಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನಮಸ್ಕಾರ. ನಾನು ಜೇನುಕುರುಬ ಆದಿವಾಸಿಗಳ ಹೆಣ್ಣುಮಗಳು. ಎಚ್.ಡಿ. ಕೋಟೆ, ಸರಗೂರು ತಾಲ್ಲೂಕಿನ ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಊರುಗಳಲ್ಲಿ, ಆರೋಗ್ಯದ ಕೆಲಸ ಮಾಡುತ್ತೇನೆ. ಬಸುರಿ ಬಾಣಂತಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವುದು, ಸಿಕಲ್ ಸೆಲ್ ಅನ್ನುವ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವವರಿಗೆ ಮಾತ್ರೆ ತಲುಪಿಸುವುದು ನನ್ನ ದಿನದ ಕೆಲಸ. ಈ ಪತ್ರಕ್ಕೆ ಹೆಸರು ಹಾಕಿಲ್ಲ. ಹಾಕಿದರೆ ಯಾವ ಹಾಡಿ, ಯಾವ ಮನೆ ಅಂತ ನಮ್ಮ ಕಡೆಯವರಿಗೆ ಕೂಡಲೇ ಗೊತ್ತಾಗುತ್ತದೆ. ಆಮೇಲೆ ಅದಕ್ಕೆ ಏಟು ತಿನ್ನುವವಳು ನಾನಲ್ಲ, ಆ ಮನೆಯ ಹೆಂಗಸು.

ಗಂಡನ ಕೈಯಲ್ಲಿ ಹೊಡೆತ ತಿಂದ ಆದಿವಾಸಿ ಹೆಂಗಸು ನಿಮ್ಮ ಇಲಾಖೆಯ ಆಸ್ಪತ್ರೆಗೆ ಬಂದಾಗ ಅಲ್ಲಿ ಏನಾಗುತ್ತದೆ ಅನ್ನುವುದನ್ನು ಹೇಳಲು ಬರೆಯುತ್ತಿದ್ದೇನೆ. ಇದನ್ನು ಪೊಲೀಸರಿಗೋ ಮಹಿಳಾ ಮತ್ತು ಮಕ್ಕಳ ಇಲಾಖೆಗೋ ಬರೆಯಬೇಕಿತ್ತಲ್ವಾ ಅಂತ ನಿಮಗೆ ಅನ್ನಿಸಬಹುದು. ಬೇಕೆಂದೇ ನಿಮಗೆ ಬರೆಯುತ್ತಿದ್ದೇನೆ. ನಮ್ಮ ಹೆಂಗಸರು ಠಾಣೆಗೆ ಹೋಗುವುದಿಲ್ಲ. ಕಾಡಿನ ಕೇಸು, ಸೌದೆ ಕೇಸು ಅಂತ ಖಾಕಿ ಬಟ್ಟೆ ಕಂಡರೇ ಹೆದರಿ ಬೆಳೆದವರು. ಕೋರ್ಟಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಆದರೆ ಆಸ್ಪತ್ರೆಗೆ ಬರುತ್ತಾರೆ. ಹೆರಿಗೆಗೆ ಬರುತ್ತಾರೆ, ಮಗುವಿನ ಜ್ವರಕ್ಕೆ ಬರುತ್ತಾರೆ, ಮೈ ನೋವು ಅಂತ ಬರುತ್ತಾರೆ. ಅವರು ತಾವಾಗಿ ಮೆಟ್ಟಿಲು ಹತ್ತುವ ಸರ್ಕಾರದ ಕಟ್ಟಡ ಅದೊಂದೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹೆಂಡತಿಗೆ ಹೊಡೆಯುವುದು ಆದಿವಾಸಿಗಳಲ್ಲಿ ಮಾತ್ರ ಇರುವ ಚಾಳಿ ಅಂತ ಯಾರೂ ಅಂದುಕೊಳ್ಳಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 20.6 ಇತ್ತು. ದೇಶದ ಲೆಕ್ಕ ಶೇ. 29.3. ಇಡೀ ದೇಶದಲ್ಲಿ ನಮ್ಮ ರಾಜ್ಯವೇ ಮುಂದೆ. ಇದು ಎಲ್ಲ ಜಾತಿ, ಎಲ್ಲ ಧರ್ಮ, ಬೆಂಗಳೂರಿನ ಅಪಾರ್ಟ್‌ಮೆಂಟು, ಹಳ್ಳಿಯ ತೊಟ್ಟಿಮನೆ ಎಲ್ಲ ಸೇರಿದ ಲೆಕ್ಕ. ಹಾಗಾಗಿ ‘ಹಾಡಿ ಜನ ಕುಡೀತಾರೆ, ಹೊಡೀತಾರೆ, ಅವರದ್ದು ಮಾಮೂಲು’ ಅನ್ನುವ ಮಾತನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಹೊಡೆತ ಎಲ್ಲ ಕಡೆ ಇದೆ. ಹೊಡೆತ ಬಿದ್ದ ಮೇಲೆ ಹೋಗಲು ದಾರಿ ಇದೆಯಾ, ಮೈ ಅದನ್ನು ತಡೆಯುತ್ತದಾ ಅನ್ನುವುದರಲ್ಲಿ ನಮ್ಮ ಹೆಂಗಸರಿಗೂ ಉಳಿದವರಿಗೂ ವ್ಯತ್ಯಾಸ ಇದೆ.

ಕಳೆದ ಮಳೆಗಾಲದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಒಬ್ಬರ ಮೇಲೆ ಕ್ರಮ ತೆಗೆದುಕೊಂಡು ಕೈ ತೊಳೆದುಕೊಳ್ಳುವ ವಿಷಯ ಇದಲ್ಲ. ಎಲ್ಲ ಕಡೆ ಹೀಗೇ ಇದೆ.

ಆಕೆಗೆ ಇಪ್ಪತ್ತೈದು ವಯಸ್ಸು ಇರಬಹುದು. ತೋಟದ ಕೆಲಸಕ್ಕೆ ಹೋಗುವ ನಮ್ಮ ಹೆಂಗಸರು ಸೀರೆ ಮೇಲೆ ಗಂಡಸರ ತುಂಬು ತೋಳಿನ ಅಂಗಿ ಹಾಕಿಕೊಳ್ಳುತ್ತಾರೆ. ಈಕೆಯೂ ಹಾಕಿದ್ದಳು. ಪಕ್ಕದಲ್ಲಿ ಗಂಡ ನಿಂತಿದ್ದ. ಡಾಕ್ಟರು ಆಕೆಯನ್ನು ಕೇಳಿದರು, ‘ಏನಾಯ್ತಮ್ಮ?’ ಉತ್ತರ ಕೊಟ್ಟವನು ಗಂಡ. ‘ತೋಟದಲ್ಲಿ ಜಾರಿ ಬಿದ್ಳು ಸಾರ್.’ ಆಕೆ ನೆಲ ನೋಡುತ್ತಿದ್ದಳು. ಅಂಗಿ ತೋಳು ಮೇಲೆ ಸರಿಸಿದಾಗ ಮುಂಗೈಯ ಹೊರ ಅಂಚಿನ ಮೇಲೆ, ಕಿರುಬೆರಳಿನ ಕಡೆಯಿಂದ ಮೊಣಕೈವರೆಗೆ, ಉದ್ದುದ್ದ ಬಾಸುಂಡೆ ಇತ್ತು. ಮಣಿಕಟ್ಟಿನ ಮೇಲುಗಡೆ ಮೂಳೆ ಊದಿಕೊಂಡಿತ್ತು. ಬಿದ್ದವರಿಗೆ ಅಂಗೈ, ಮೊಣಕಾಲು ತರಚುತ್ತವೆ. ಆಕೆಯ ಅಂಗೈಯಲ್ಲಿ ಒಂದು ಗೀರೂ ಇರಲಿಲ್ಲ. ಮುಂಗೈಯ ಆ ಜಾಗಕ್ಕೆ ಪೆಟ್ಟು ಬೀಳುವುದು ಮುಖಕ್ಕೆ ಬರುವ ಏಟನ್ನು ಕೈ ಎತ್ತಿ ತಡೆದಾಗ. ಇದು ಓದಿದ ಡಾಕ್ಟರಿಗೆ ನನಗಿಂತ ಚೆನ್ನಾಗಿ ಗೊತ್ತು. ನರ್ಸಮ್ಮನಿಗೂ ಗೊತ್ತಿತ್ತು, ಒಂದು ಸಲ ನನ್ನ ಮುಖ ನೋಡಿದರು. ಓಪಿಡಿ ಚೀಟಿಯಲ್ಲಿ ‘ಬಿದ್ದು ಪೆಟ್ಟು’ ಅಂತ ಬಂತು. ನೋವಿನ ಮಾತ್ರೆ, ಮುಲಾಮು ಕೊಟ್ಟರು. ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ಮಾಡಿಸಿ ಅಂದರು. ಗಂಡ ತಲೆಯಾಡಿಸಿದ. ಅವರು ಎಕ್ಸ್‌ರೇಗೆ ಹೋಗಲಿಲ್ಲ.

ಆ ಡಾಕ್ಟರು ಕೆಟ್ಟವರಲ್ಲ. ಹೊರಗೆ ಸಾಲು ಬಾಗಿಲು ದಾಟಿತ್ತು. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಕೇಸು) ಅಂತ ಬರೆದರೆ ಠಾಣೆ, ಆಮೇಲೆ ಕೋರ್ಟು, ಸಾಕ್ಷಿ ಅಂತ ಅಲೆಯಬೇಕು ಅನ್ನುವ ಭಯ ಅವರಿಗೂ ಇರುತ್ತದೆ. ಕೇಳಿದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಹಾಗಾಗಿ ಕೇಳುವುದೇ ಇಲ್ಲ. ಆ ಸಮೀಕ್ಷೆಯಲ್ಲೇ ಇದೆ, ದೇಶದಲ್ಲಿ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಯಾರದಾದರೂ ಸಹಾಯ ಕೇಳಿದವರು ನೂರಕ್ಕೆ 14 ಮಂದಿ ಮಾತ್ರ. ಉಳಿದವರಲ್ಲಿ ಹೆಚ್ಚಿನವರು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಕೇಳದೆ ಹೇಳುವವರು ಇಲ್ಲ ಅಂದಮೇಲೆ ಕೇಳುವವರಾದರೂ ಬೇಕಲ್ವಾ?

ಈಗ ನಿಮ್ಮ ಇಲಾಖೆಗೆ ನೇರವಾಗಿ ಸೇರಿದ ವಿಷಯಕ್ಕೆ ಬರುತ್ತೇನೆ. ಸಿಕಲ್ ಸೆಲ್ ಕಾಯಿಲೆ ಜೇನುಕುರುಬರಲ್ಲಿ, ಸೋಲಿಗರಲ್ಲಿ, ಯರವರಲ್ಲಿ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಇದನ್ನು ಗುರುತಿಸಿ ಚಿಕಿತ್ಸೆ ಕೊಡಲು ಡಾ. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ದಶಕಗಳ ಹಿಂದೆಯೇ ಶುರು ಮಾಡಿತು. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಆರಂಭಿಸಿದ ಮೇಲೆ ಹಾಡಿ ಹಾಡಿಗೆ ಬಂದು ಬೆರಳು ಚುಚ್ಚಿ ರಕ್ತ ನೋಡುತ್ತಿದ್ದಾರೆ. ಒಳ್ಳೆಯ ಕೆಲಸ, ಅದರಲ್ಲಿ ನಾನೂ ಕೈಜೋಡಿಸಿದ್ದೇನೆ.

ಆದರೆ ಈ ಕಾಯಿಲೆ ಇರುವ ಹೆಂಗಸಿಗೆ ಹೊಡೆತ ಬಿದ್ದರೆ ಏನಾಗುತ್ತದೆ ಅಂತ ಯಾರೂ ಯೋಚಿಸಿದ ಹಾಗಿಲ್ಲ. ಚಳಿ, ಮೈಯಲ್ಲಿ ನೀರು ಕಡಿಮೆಯಾಗುವುದು, ಅತಿಯಾದ ಆಯಾಸ, ಮನಸ್ಸಿನ ಒತ್ತಡ ಇವೆಲ್ಲ ಸಿಕಲ್ ಸೆಲ್ ನೋವನ್ನು ಕೆರಳಿಸುತ್ತವೆ. ರಾತ್ರಿ ಗಂಡ ಹೊಡೆದು ಹೊರಗೆ ಹಾಕಿದ ಹೆಂಗಸು ಮಗುವನ್ನು ಎತ್ತಿಕೊಂಡು ಮಳೆಯಲ್ಲಿ ಯಾರದೋ ಜಗಲಿಯಲ್ಲಿ ಕೂತು ಬೆಳಗು ಮಾಡುತ್ತಾಳೆ. ಎರಡು ದಿನ ಬಿಟ್ಟು ಕೈಕಾಲು, ಬೆನ್ನು ಹಿಂಡುವ ನೋವು ಅಂತ ಆಸ್ಪತ್ರೆಗೆ ಬರುತ್ತಾಳೆ. ಆಕೆಯ ಸಿಕಲ್ ಸೆಲ್ ಕಾರ್ಡ್ ನೋಡಿ ‘ಸಿಕಲ್ ಸೆಲ್ ನೋವು’ ಅಂತ ಬರೆದು ಡ್ರಿಪ್ ಹಾಕಿ ಕಳಿಸುತ್ತಾರೆ. ಬರೆದದ್ದು ಸುಳ್ಳಲ್ಲ, ನೋವು ಅದೇ. ಆದರೆ ಆ ನೋವು ಯಾಕೆ ಬಂತು ಅಂತ ಕೇಳದಿದ್ದರೆ ಆಕೆ ಮತ್ತೆ ಮತ್ತೆ ಅದೇ ಹಾಸಿಗೆಗೆ ಬರುತ್ತಾಳೆ. ಇದರ ಉಲ್ಟಾ ಕೂಡ ಆಗುತ್ತದೆ. ಪಕ್ಕೆ ನೋವು ಅಂತ ಬಂದವಳ ಕಾರ್ಡ್ ನೋಡಿದ ಕೂಡಲೇ ಸಿಕಲ್ ಸೆಲ್ ಅಂತ ತೀರ್ಮಾನ ಮಾಡಿದರೆ ಒದೆತ ಬಿದ್ದ ಪಕ್ಕೆಲುಬನ್ನು ಯಾರು ನೋಡುತ್ತಾರೆ? ಈ ಕಾಯಿಲೆ ಇರುವ ಕೆಲವರಿಗೆ ಹೊಟ್ಟೆಯೊಳಗಿನ ಗುಲ್ಮ (ಸ್ಪ್ಲೀನ್) ದಪ್ಪಗಾಗಿರುತ್ತದೆ. ಅಂಥ ಹೊಟ್ಟೆಗೆ ಒದೆ ಬಿದ್ದರೆ ಗುಲ್ಮ ಒಡೆದು ಜೀವವೇ ಹೋಗಬಹುದು.

ಇನ್ನೊಂದು ಸಂಕಟ ಇದೆ. ಮಗುವಿಗೆ ಈ ಕಾಯಿಲೆ ಬರುವುದು ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದಾಗ. ಆದರೆ ಬಿಡಿಸಿ ಹೇಳುವವರಿಲ್ಲದೆ ಕಾರ್ಡ್ ಕೈಗೆ ಸಿಕ್ಕ ಮನೆಗಳಲ್ಲಿ ‘ನಿನ್ನ ರಕ್ತ ಕೆಟ್ಟಿದೆ, ನೀನೇ ಮಗುವಿಗೆ ಕೊಟ್ಟೆ’ ಅಂತ ಹೆಂಡತಿಗೆ ಬೈದು ಬಡಿದದ್ದನ್ನು ನೋಡಿದ್ದೇನೆ. ಸರ್ಕಾರವೇ ಮಾಡಿಸಿದ ಪರೀಕ್ಷೆ ಮನೆಯೊಳಗೆ ಬಡಿಗೆಯಾಯಿತು. ಗಂಡ ಹೆಂಡತಿಯನ್ನು ಕೂರಿಸಿ ಅರ್ಧ ಗಂಟೆ ಮಾತಾಡಿದ್ದರೆ ಇದನ್ನು ತಪ್ಪಿಸಬಹುದಿತ್ತು.

ಬಸುರಿಯರ ವಿಷಯವೂ ಹೀಗೇ. ತಾಯಿ ಕಾರ್ಡಿನಲ್ಲಿ ತೂಕ, ಬಿಪಿ, ಹಿಮೋಗ್ಲೋಬಿನ್ ಎಲ್ಲ ಬರೆಯುತ್ತಾರೆ. ದೇಶದ ಆದಿವಾಸಿ ಹೆಂಗಸರಲ್ಲಿ ಶೇ. 60ಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಅಂತ ನಿಮ್ಮ ಇಲಾಖೆಯ ಸಭೆಗಳಲ್ಲಿ ಹೇಳುತ್ತೀರಿ. ಕಬ್ಬಿಣದ ಮಾತ್ರೆ ಕೊಡುತ್ತೀರಿ, ಸರ್ಕಾರದ ಪೌಷ್ಟಿಕ ಆಹಾರದ ಕಿಟ್‌ನಲ್ಲಿ ಮೊಟ್ಟೆ, ತುಪ್ಪ, ಕಾಳು ಬರುತ್ತವೆ. ಆ ಮೊಟ್ಟೆ ಆಕೆಯ ತಟ್ಟೆಗೆ ಬರುತ್ತದಾ ಅನ್ನುವುದು ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಅನ್ನುವುದರ ಮೇಲಿದೆ. ಗಂಡನ ಹಿಂಸೆ ಅನುಭವಿಸುವ ಹೆಂಗಸರಿಗೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಶೇ. 16ರಷ್ಟು ಜಾಸ್ತಿ, ಖಿನ್ನತೆ ಬರುವ ಸಂಭವ ಹತ್ತಿರ ಹತ್ತಿರ ಎರಡರಷ್ಟು ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಲೆಕ್ಕ ಕೊಟ್ಟಿದೆ. ಮಗುವಿನ ತೂಕ ಕಡಿಮೆ ಯಾಕೆ ಅಂತ ಆಶಾ ಕಾರ್ಯಕರ್ತೆಯನ್ನು ಸಭೆಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಆ ಪಾಪದವಳು ಏನು ಹೇಳಬೇಕು?

ಬಸಿರು ತಡೆಯುವ ಅಂತರಾ ಚುಚ್ಚುಮದ್ದನ್ನು ಗಂಡನಿಗೆ ಗೊತ್ತಾಗದ ಹಾಗೆ ತೆಗೆದುಕೊಳ್ಳುವ ಹೆಂಗಸರು ನನಗೆ ಗೊತ್ತು. ಅದರ ಕಾರ್ಡನ್ನು ಅಕ್ಕಿ ಡಬ್ಬದ ತಳದಲ್ಲಿ ಇಟ್ಟುಕೊಳ್ಳುತ್ತಾರೆ. ಸಿಕ್ಕಿದರೆ ‘ಯಾರ ಜೊತೆ ಹೋಗ್ತೀಯ’ ಅನ್ನುವ ಮಾತು, ಅದರ ಹಿಂದೆಯೇ ಏಟು.

‘ಅಷ್ಟು ಹೊಡೆದರೆ ಬಿಟ್ಟು ಬರಬಾರದಾ?’ ಅಂತ ಆಸ್ಪತ್ರೆಯವರು ನನ್ನನ್ನು ಕೇಳುತ್ತಾರೆ. ಹಿಂದೆ ಬಿಟ್ಟು ಬರುತ್ತಿದ್ದರು. ನಮ್ಮಲ್ಲಿ ಗಂಡನ ಜೊತೆ ಬಾಳಲು ಆಗದಿದ್ದರೆ ಹೆಣ್ಣು ತವರಿಗೆ ನಡೆದು ಬರಬಹುದಿತ್ತು, ಹಾಡಿಯ ಯಜಮಾನನ ಮುಂದೆ ಮಾತಾಗಿ ಮುಗಿಯುತ್ತಿತ್ತು, ಇನ್ನೊಂದು ಮದುವೆಗೂ ಅಡ್ಡಿ ಇರಲಿಲ್ಲ. ತವರಿನ ಹಾಡಿ ಕಾಡಿನ ದಾರಿಯಲ್ಲಿ ಅರ್ಧ ದಿನದ ನಡಿಗೆ. ಆಮೇಲೆ ಕಾಡಿನಿಂದ ನಮ್ಮನ್ನು ಹೊರಗೆ ಹಾಕಿದರು. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ನಾಗರಹೊಳೆ ಭಾಗದಿಂದ ಹೊರಬಿದ್ದ 3,418 ಆದಿವಾಸಿ ಕುಟುಂಬಗಳನ್ನು ಗುರುತಿಸಿತು. ಒಂದೇ ಹಾಡಿಯವರು ಮೂರು ಕಡೆ ಚದುರಿದರು. ತಂಗಿ ಕೊಡಗಿನ ತೋಟದ ಕೂಲಿಯವರ ಲೈನ್ ಮನೆಯಲ್ಲಿ, ಅಣ್ಣ ಪುನರ್ವಸತಿ ಕೇಂದ್ರದಲ್ಲಿ, ಅವ್ವ ಇನ್ನೆಲ್ಲೋ. ಈಗ ತವರು ಅಂದರೆ ಎರಡು ಬಸ್ಸು, ಒಂದು ಜೀಪು.

ಲೈನ್ ಮನೆಯಲ್ಲಿ ಇರುವವರ ಪಾಡು ಇನ್ನೂ ಕಷ್ಟ. ಮುಂಗಡ ಗಂಡನ ಕೈಗೆ ಹೋಗಿರುತ್ತದೆ, ಸಾಲ ಇಬ್ಬರ ತಲೆ ಮೇಲೆ ಇರುತ್ತದೆ. ಹೆಂಡತಿ ಬಿಟ್ಟು ಹೊರಟರೆ ಮನೆಯೂ ಹೋಯಿತು, ಕೂಲಿಯೂ ಹೋಯಿತು. ಕಾಡಂಚಿನವರಿಗೆ ರಾತ್ರಿಯೇ ಒಂದು ಬೀಗ. ಕಾಡಿನೊಳಗೆ ಹಾದುಹೋಗುವ ಮೈಸೂರು-ಮಾನಂದವಾಡಿ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಹೊಡೆತ ಬೀಳುವುದು ಆ ಹೊತ್ತಿನಲ್ಲೇ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ ಅಂತ ಗೋಡೆಗೆ ಪೋಸ್ಟರ್ ಅಂಟಿಸಿದ್ದಾರೆ. ಫೋನ್ ಗಂಡನ ಜೇಬಿನಲ್ಲಿ ಇರುತ್ತದೆ, ನೆಟ್‌ವರ್ಕ್ ಎಷ್ಟೋ ಹಾಡಿಗಳಲ್ಲಿ ಇಲ್ಲ.

ಕುಡಿತದ ಬಗ್ಗೆಯೂ ಹೇಳಬೇಕು. ಕುಡಿತ ಇದೆ, ಅದರಿಂದ ಹಾಳಾಗಿದ್ದೇವೆ. ಆದರೆ ಕುಡಿದವನು ಬೀದಿಯಲ್ಲಿ ಮೇಸ್ತ್ರಿಗೆ ಹೊಡೆಯುವುದಿಲ್ಲ, ಮನೆಗೆ ಬಂದು ಹೆಂಡತಿಗೆ ಹೊಡೆಯುತ್ತಾನೆ. ಎಲ್ಲವನ್ನೂ ಕುಡಿತದ ತಲೆಗೆ ಕಟ್ಟಿದರೆ ಹೊಡೆದವನು ಬಚಾವಾಗುತ್ತಾನೆ.

ಕಾನೂನು ಏನು ಹೇಳುತ್ತದೆ ಅಂತ ತಿಳಿದವರ ಹತ್ತಿರ ಕೂತು ಓದಿಸಿಕೊಂಡೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ಮದುವೆ ರಿಜಿಸ್ಟರ್ ಆಗದೆ ಗಂಡ ಹೆಂಡತಿಯ ಹಾಗೆ ಬಾಳುವವರಿಗೂ ಅದು ಅನ್ವಯ. ನಮ್ಮಲ್ಲಿ ಓಡಿಹೋಗಿ ಸಂಸಾರ ಹೂಡುವುದೇ ಮದುವೆ, ಹಾಗಾಗಿ ಇದು ನಮಗೆ ದೊಡ್ಡ ವಿಷಯ. ಅದರ 17ನೇ ನಿಯಮದಲ್ಲಿ ಆಸ್ಪತ್ರೆಗಳಿಗೆ ಹೇಳಿದ್ದು ಸ್ಪಷ್ಟವಾಗಿದೆ. ದೂರು ದಾಖಲಾಗಿಲ್ಲ ಅಂತ ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ. ಮೊದಲೇ ವರದಿ ಆಗಿರದಿದ್ದರೆ ಆಸ್ಪತ್ರೆಯ ಮುಖ್ಯಸ್ಥರೇ ನಮೂನೆ 1ರಲ್ಲಿ ಕೌಟುಂಬಿಕ ಘಟನಾ ವರದಿ ತುಂಬಿ, ಈ ಕಾಯ್ದೆಯಡಿ ಹೆಂಗಸರಿಗೆ ನೆರವಾಗಬೇಕಾದ ಸಂರಕ್ಷಣಾಧಿಕಾರಿಗೆ ಕಳಿಸಬೇಕು. ವೈದ್ಯಕೀಯ ಪರೀಕ್ಷೆಯ ವರದಿಯ ಒಂದು ಪ್ರತಿಯನ್ನು ಆ ಹೆಂಗಸಿಗೆ ದುಡ್ಡಿಲ್ಲದೆ ಕೊಡಬೇಕು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ. ಅವರ ಕಚೇರಿ ಎಷ್ಟೋ ಕಡೆ ತಾಲ್ಲೂಕು ಆಸ್ಪತ್ರೆಯಿಂದ ಕೂಗಳತೆ ದೂರದಲ್ಲಿದೆ. ನಮೂನೆ 1 ಅನ್ನುವ ಕಾಗದವನ್ನು ನಾನು ಹೋಗುವ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ನೋಡಿಲ್ಲ.

ಬೇರೆ ಕಡೆ ಇದು ನಡೆದಿದೆ. ಮುಂಬೈ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ‘ದಿಲಾಸಾ’ ಅಂತ ಕೇಂದ್ರ ಶುರುವಾಗಿ ಇಪ್ಪತ್ತು ವರ್ಷ ದಾಟಿತು. ಸರ್ಕಾರಿ ಆಸ್ಪತ್ರೆಯೊಳಗೇ ಕೌನ್ಸೆಲರ್ ಕೂತಿರುತ್ತಾರೆ. ಓಪಿಡಿಯಲ್ಲಿ ಅನುಮಾನ ಬಂದ ಹೆಂಗಸನ್ನು ನರ್ಸ್ ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ಮನೆಗೆ ಹೋಗುವುದು ಅಪಾಯ ಅನ್ನಿಸಿದರೆ ವಾರ್ಡಿನಲ್ಲೇ ಒಂದೆರಡು ರಾತ್ರಿ ಇಟ್ಟುಕೊಳ್ಳುತ್ತಾರೆ. ಪಕ್ಕದ ಕೇರಳದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥದೇ ‘ಭೂಮಿಕಾ’ ಕೇಂದ್ರಗಳಿವೆ. ಕಾಡಿನ ಆಚೆ ವಯನಾಡಿನಲ್ಲಿ ನಮ್ಮ ನೆಂಟರೇ ಇದ್ದಾರೆ. ನಮ್ಮಲ್ಲೂ ಹಿಂಸೆಗೆ ಒಳಗಾದ ಹೆಂಗಸರಿಗಾಗಿ ಜಿಲ್ಲೆಗೊಂದು ಸಖಿ ಕೇಂದ್ರ ಇದೆ. ಆದರೆ ಎಚ್.ಡಿ. ಕೋಟೆಯಿಂದ ಮೈಸೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಬಿಟ್ಟಂತೆ. ಸಂಜೆ ಮನೆಗೆ ಬಂದರೆ ‘ಎಲ್ಲಿಗೆ ಹೋಗಿದ್ದೆ’ ಅನ್ನುವ ಪ್ರಶ್ನೆ ಕಾದಿರುತ್ತದೆ. ಹಾಡಿಯ ಹತ್ತಿರದ ಆಸ್ಪತ್ರೆಗೆ ಹೋದರೆ ಆ ಪ್ರಶ್ನೆ ಬರುವುದಿಲ್ಲ, ಮಗುವಿಗೆ ಜ್ವರ ಅಂದರೆ ಮುಗಿಯಿತು.

ಮಾನ್ಯರೇ, ನಾವು ಕೇಳುವುದು ಹೊಸ ಕಟ್ಟಡವನ್ನಲ್ಲ. 17ನೇ ನಿಯಮವನ್ನು ಪಾಲಿಸಬೇಕು ಅಂತ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಗಳಿಗೆ ಒಂದು ಸುತ್ತೋಲೆ ಹೊರಡಿಸಿ. ನಮೂನೆ 1 ಕನ್ನಡದಲ್ಲಿ ಪ್ರತಿ ಓಪಿಡಿ ಮೇಜಿನ ಡ್ರಾಯರಿನಲ್ಲಿ ಇರಲಿ. ಸಿಡಿಪಿಒ ಅವರ ಮೊಬೈಲ್ ನಂಬರ್ ಡಾಕ್ಟರ ಹತ್ತಿರ ಇರಲಿ.

ಹೆಂಗಸನ್ನು ಪರೀಕ್ಷೆ ಮಾಡುವಾಗ ಗಂಡನನ್ನು, ಅತ್ತೆಯನ್ನು ಹೊರಗೆ ಕೂರಿಸಬೇಕು. ಇದು ಅನುಮಾನ ಬಂದಾಗ ಮಾತ್ರ ಆಗಬಾರದು, ಎಲ್ಲರಿಗೂ ಒಂದೇ ಪದ್ಧತಿ ಆಗಬೇಕು. ಇಲ್ಲದಿದ್ದರೆ ‘ನೀನೇನೋ ಹೇಳಿದೀಯ, ಅದಕ್ಕೇ ನನ್ನ ಹೊರಗೆ ಕಳಿಸಿದ್ರು’ ಅಂತ ಮನೆಯಲ್ಲಿ ಮತ್ತೆ ಶುರುವಾಗುತ್ತದೆ. ಕೇಳುವ ಮಾತು ಸುಲಭದ್ದು: ‘ಮನೇಲಿ ಯಾರಾದ್ರೂ ಹೊಡೀತಾರಾ? ಮನೆಗೆ ಹೋಗೋಕೆ ಭಯ ಆಗುತ್ತಾ?’ ಜೇನು ನುಡಿ, ಯರವರ ಮಾತು ಬಲ್ಲ ನಮ್ಮ ಹುಡುಗಿಯರು ಪಿಯುಸಿ, ಡಿಗ್ರಿ ಓದಿ ಕೆಲಸವಿಲ್ಲದೆ ಇದ್ದಾರೆ. ಅವರನ್ನು ತರಬೇತಿ ಕೊಟ್ಟು ಆಸ್ಪತ್ರೆಗಳಲ್ಲಿ ನೇಮಿಸಿ. ಆದರೆ ಅದೇ ಹಾಡಿಯವರನ್ನು ಅಲ್ಲೇ ಹಾಕಬೇಡಿ. ನೆಂಟಸ್ತಿಕೆ ಇರುವ ಕಡೆ ಗುಟ್ಟು ನಿಲ್ಲುವುದಿಲ್ಲ.

ಮುಂದೇನು ಅನ್ನುವುದನ್ನು ಆಕೆಯೇ ಹೇಳಬೇಕು. ಇದನ್ನು ಕೈಮುಗಿದು ಕೇಳುತ್ತೇನೆ. ಹಾಡಿಗೆ ಪೊಲೀಸ್ ಜೀಪು ಕಳಿಸಿಬಿಟ್ಟರೆ ಆ ದಿನಕ್ಕೆ ಕೆಲಸ ಆದ ಹಾಗೆ ಕಾಣುತ್ತದೆ, ಮಾರನೇ ದಿನದಿಂದ ಆಕೆ ಆಸ್ಪತ್ರೆ ಕಡೆ ಮುಖ ಹಾಕುವುದಿಲ್ಲ. ಅವಳ ಜೊತೆ ಇನ್ನೂ ಹತ್ತು ಹೆಂಗಸರು ಬರುವುದನ್ನು ನಿಲ್ಲಿಸುತ್ತಾರೆ. ಗಾಯವನ್ನು ಇದ್ದ ಹಾಗೆ ಬರೆದಿಡಿ, ವರದಿಯ ಪ್ರತಿ ಬೇಕಾ ಅಂತ ಕೇಳಿ, ಆ ಕಾಗದ ಮನೆಯಲ್ಲಿ ಸಿಕ್ಕರೆ ಅಪಾಯ ಅಂದರೆ ಅದನ್ನು ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಿ. ಆರು ತಿಂಗಳ ನಂತರ ಧೈರ್ಯ ಬಂದು ಮ್ಯಾಜಿಸ್ಟ್ರೇಟರ ಮುಂದೆ ಹೋದರೆ ಅವತ್ತು ಆ ಕಾಗದ ಅವಳ ಕೈ ಹಿಡಿಯುತ್ತದೆ. ‘ಬಿದ್ದು ಪೆಟ್ಟು’ ಅಂತ ಬರೆದ ಚೀಟಿ ಗಂಡನ ವಕೀಲರ ಕೈಗೆ ಸಾಕ್ಷಿಯಾಗುತ್ತದೆ.

ಸಿಕಲ್ ಸೆಲ್ ತಪಾಸಣೆಗೆ ಬರುವ ತಂಡ, ತೀರಾ ಹಿಂದುಳಿದ ಆದಿವಾಸಿಗಳಿಗಾಗಿ ಕೇಂದ್ರ ಸರ್ಕಾರ ತಂದ ಪಿಎಂ ಜನ್‌ಮನ್ ಯೋಜನೆಯ ಸಂಚಾರಿ ವೈದ್ಯಕೀಯ ವಾಹನ ಇವೆರಡೂ ಜೇನುಕುರುಬರ, ಕೊರಗರ ಮನೆ ಬಾಗಿಲಿಗೆ ಬರುತ್ತವೆ. ಆ ತಂಡದಲ್ಲಿ ಒಬ್ಬ ಮಹಿಳಾ ಕೌನ್ಸೆಲರ್ ಇರಲಿ. ಸಿಕಲ್ ಸೆಲ್ ಕಾರ್ಡ್ ಕೊಡುವಾಗ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಅದು ಇಬ್ಬರಿಂದ ಬರುವುದು ಅಂತ ಹೇಳುವುದು ಕಡ್ಡಾಯವಾಗಲಿ. ನೋವು ಅಂತ ಪದೇ ಪದೇ ದಾಖಲಾಗುವ ಹೆಂಗಸರನ್ನು ಒಬ್ಬರೇ ಇರುವಾಗ ಮಾತಾಡಿಸಲಿ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋಚೈತನ್ಯ ಕಾರ್ಯಕ್ರಮದ ಮನೋವೈದ್ಯರು ಬರುತ್ತಾರೆ. ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ ಅಂತ ಬರುವ ನಮ್ಮ ಹೆಂಗಸರಿಗೆ ಬರೀ ಬಿ ಕಾಂಪ್ಲೆಕ್ಸ್ ಕೊಟ್ಟು ಕಳಿಸದೆ ಅವರ ಹತ್ತಿರ ಕಳಿಸಲಿ.

ಎಲ್ಲ ಕಡೆ ಒಟ್ಟಿಗೆ ಆಗುವುದಿಲ್ಲ ಅಂದರೆ ಎಚ್.ಡಿ. ಕೋಟೆ, ಸರಗೂರು, ಹುಣಸೂರು, ಪೊನ್ನಂಪೇಟೆ, ಚಾಮರಾಜನಗರದ ಕಾಡಂಚಿನ ಆಸ್ಪತ್ರೆಗಳಲ್ಲಿ ಮೊದಲು ಮಾಡಿ. ತರಬೇತಿಯ ದಿನ ಹಾಡಿಯ ಹೆಂಗಸರನ್ನೂ ಕರೆಯಿರಿ. ಡಾಕ್ಟರಿಗೆ ಯಾವ ಮಾತನ್ನು ಹೇಗೆ ಕೇಳಿದರೆ ಬಾಯಿ ಬಿಡುತ್ತೇವೆ ಅಂತ ಅವರೇ ಹೇಳುತ್ತಾರೆ. ನಾನೂ ಬರುತ್ತೇನೆ. ಸುತ್ತೋಲೆ ಯಾವಾಗ ಹೊರಡುತ್ತದೆ ಅನ್ನುವ ನಿಮ್ಮ ಉತ್ತರವನ್ನು ಪತ್ರಿಕೆಗಳ ಮೂಲಕವೇ ಕೊಡಿ. ನಮ್ಮ ಹಾಡಿಗಳಲ್ಲಿ ಓದಿ ಹೇಳುವವರು ಇದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಹಾಡಿಗಳ ಹೆಂಗಸರ ಪರವಾಗಿ,
ಒಬ್ಬ ಆರೋಗ್ಯ ಕಾರ್ಯಕರ್ತೆ
ಎಚ್.ಡಿ. ಕೋಟೆ, ಮೈಸೂರು ಜಿಲ್ಲೆ